ಎರಡನೇ ಸಲ ಬಿಗಿಯದ ಚಕ್ರ

ಮಾರ್ಚ್ ೧೨, ಭಾನುವಾರ

ಮಗಳ ಕಾರಿನ ಚಕ್ರ ಇವತ್ತು ದಾರಿಯಲ್ಲಿ ಅಲ್ಲಾಡಿತು. ಪಂಕ್ಚರ್ ಹಾಕಿ ಅದನ್ನು ಬೆಳಿಗ್ಗೆ ಕೂರಿಸಿದವನು ನಾನೇ, ಮೂವತ್ತು ವರ್ಷದಿಂದ ಟೈರ್ ಅಂಗಡಿ ನಡೆಸುತ್ತಿರುವವನು.

ಅಳಿಯ ಮೇಷ್ಟ್ರು, ಕಾರಿನ ವಿಷಯ ಏನೂ ಗೊತ್ತಿಲ್ಲ. ನಿದ್ದೆಗಣ್ಣಿನ ಮಗುವನ್ನು ಎತ್ತಿಕೊಂಡು ಪಕ್ಕದಲ್ಲೇ ನಿಂತಿದ್ದ. ಕೇಳುವವರು ಸಿಕ್ಕರೆ ನನ್ನ ಬಾಯಿಗೆ ಬ್ರೇಕೇ ಇಲ್ಲ. "ಗಾಳಿ ಎಷ್ಟು ಅಂತ ಟೈರ್ ಮೇಲೆ ನೋಡ್ಬಾರ್ದು ಅಳಿಯಂದ್ರೆ. ಡ್ರೈವರ್ ಬಾಗಿಲ ಹತ್ರ ಚೀಟಿ ಅಂಟಿಸಿರ್ತಾರೆ, ಅದನ್ನ ನೋಡ್ಬೇಕು. ಸಾಮಾನು ತುಂಬಿದ್ರೆ ಇನ್ನೊಂಚೂರು ಜಾಸ್ತಿ."

ಹೇಳುತ್ತಲೇ ಜಾಕ್ ಇಳಿಸಿದೆ. ಚಕ್ರ ನೆಲಕ್ಕೆ ತಾಗಿದ ಮೇಲೆ ನಟ್ಟುಗಳನ್ನು ಇನ್ನೊಮ್ಮೆ ಬಿಗಿಯಬೇಕು. ಮರೆತೆ. ಕೆಲಸದವರು ಇದನ್ನು ಮರೆತಾಗ ಎಷ್ಟು ಕೂಗಾಡಿದ್ದೇನೆ!

ಮಧ್ಯಾಹ್ನ ಮಗಳ ಫೋನು. "ಅಪ್ಪಾ, ಚಕ್ರ ಕಟಕಟ ಅಂತಿತ್ತು. ನಿಲ್ಲಿಸಿ ನೋಡಿದ್ರೆ ನಟ್ಟೆಲ್ಲ ಸಡಿಲ. ನೀನು ಹೇಳ್ಕೊಟ್ಟ ಹಾಗೇ ಬಿಗಿ ಮಾಡ್ದೆ."

ಹಿಂದಿನ ಸೀಟಿನಲ್ಲಿ ಮೊಮ್ಮಗಳು ಹಾಡಿಕೊಳ್ಳುತ್ತಿದ್ದದ್ದು ಕೇಳಿಸಿತು. ತಪ್ಪು ನನ್ನದೇ ಅಂತ ಆ ಕ್ಷಣವೇ ಗೊತ್ತಾಯಿತು. ಆದರೂ ಬಾಯಿಂದ ಬಂದದ್ದೇನು? "ನಿನ್ನ ಗಂಡ ಏನಾದ್ರೂ ಮುಟ್ಟಿದ್ರೇನೋ, ಕೇಳು."

ಫೋನ್ ಸ್ಪೀಕರಿನಲ್ಲಿತ್ತು.  ಅಳಿಯನ ದನಿ ಬಂತು: "ಹೌದು ಮಾವ, ನಾನೇ ಏನೋ ತಿರುಗಿಸಿಬಿಟ್ಟೆ ಅನ್ಸತ್ತೆ. ತಪ್ಪಾಯ್ತು."

ಕಾರು ಹೊರಡುವ ತನಕ ಅವನು ಮಗುವನ್ನು ಕೆಳಗಿಳಿಸಿರಲೇ ಇಲ್ಲ. ಅದು ನನಗೂ ಗೊತ್ತು, ಮಗಳಿಗೂ ಗೊತ್ತು.

"ಪರವಾಗಿಲ್ಲ ಬಿಡಿ, ಇನ್ಮೇಲೆ ಹುಷಾರಾಗಿರಿ" ಅಂದೆ. ನಾನು, ಅವನಿಗೆ. ನಾಳೆ ಎದ್ದ ತಕ್ಷಣ ಫೋನ್ ಮಾಡಿ ಅವನ ಹತ್ತಿರ ತಪ್ಪೊಪ್ಪಿಕೊಳ್ಳಬೇಕು.