ಕೊರಳಪಟ್ಟಿಯವರ ಮೊದಲ ಚಪ್ಪಾಳೆ

ಬಯಲು ವಿಶ್ವವಿದ್ಯಾಲಯ, ಗದಗು
ಎರಡನೆಯ ಶ್ರಾವಣದ ನಲವತ್ತೊಂದನೆಯ ದಿನ
(ನಿಮ್ಮ ಎಣಿಕೆಯಲ್ಲಿ ಇಸವಿ ಎರಡು ಸಾವಿರದ ನೂರ ತೊಂಬತ್ತೇಳು)

ಇಪ್ಪತ್ತೊಂದನೆಯ ಶತಮಾನದ ವಿಶ್ವವಿದ್ಯಾಲಯಗಳಲ್ಲಿ ಓದುತ್ತಿರುವ ಹಿರಿಯರೇ,

ಹಿರಿಯರೇ ಎಂದದ್ದಕ್ಕೆ ನಗಬೇಡಿ. ನನಗೀಗ ಐವತ್ತು ದಾಟಿದೆ, ನಿಮಗೆ ಇಪ್ಪತ್ತಿರಬಹುದು. ಆದರೂ ನೀವು ನನಗಿಂತ ಆರು ತಲೆಮಾರು ಮೊದಲು ಹುಟ್ಟಿದವರು, ಹಾಗಾಗಿ ಏಕವಚನದಲ್ಲಿ ಕರೆಯಲು ನಾಲಿಗೆ ಬರುವುದಿಲ್ಲ. ಈ ಪತ್ರ ನಿಮ್ಮ ಕೈಗೆ ಹೇಗೆ ಸೇರಿತು ಎಂದು ಕೇಳಬೇಡಿ. ಅದು ಇಲ್ಲಿನ ಭೌತಶಾಸ್ತ್ರದವರ ತಲೆನೋವು, ನನಗೂ ಅರ್ಥವಾಗಿಲ್ಲ. ನನ್ನ ಮಾತುಗಳಲ್ಲಿ ಕೆಲವು ನಿಮಗೆ ವಿಚಿತ್ರವೆನಿಸಬಹುದು, ಕ್ಷಮಿಸಿ. ಮೇಲಿನ ತಾರೀಖನ್ನೇ ನೋಡಿ ಕೆಲವರು ಹುಬ್ಬೇರಿಸಿರುತ್ತೀರಿ. ನಮ್ಮಲ್ಲಿ ಮಳೆ ಬಂದ ಹೊರತು ಶ್ರಾವಣ ಮುಗಿಯುವುದಿಲ್ಲ. ಈ ವರ್ಷ ಮಳೆರಾಯನಿಗೆ ನಮ್ಮ ನೆನಪು ತಡವಾಗಿ ಬಂದಿದೆ, ತಿಂಗಳು ಹಿಗ್ಗುತ್ತಲೇ ಇದೆ.

ನಾನು ನೀಲಗಂಗಾ ಹುಲಕೋಟಿ. ಈ ವಿಶ್ವವಿದ್ಯಾಲಯದಲ್ಲಿ ದನಿ ತೊಳೆಯುವ ಕೆಲಸ ನನ್ನದು. ಅಂದರೆ, ಹಳೆಯ ಮೂಕ ಚಿತ್ರಗಳಿಂದ ಮಾತನ್ನು ಹೊರತೆಗೆಯುವುದು. ದನಿ ತಾಗಿದ್ದೆಲ್ಲ ಕಣ್ಣಿಗೆ ಕಾಣದಷ್ಟು ನಡುಗುತ್ತದೆ. ಪರದೆಯ ಅಂಚು, ನೀರಿನ ಬಾಟಲಿ, ಹೂವಿನ ಹಾರ. ಆ ನಡುಕವನ್ನು ಅಳೆದು, ಕೊಳೆ ಕಳೆದು, ಮತ್ತೆ ಮಾತಾಗಿಸುತ್ತೇವೆ. ಮಾತಾಡಿದ ಮಂದಿ ಮಣ್ಣಾಗಿ ಶತಮಾನ ಕಳೆದ ಮೇಲೆ ಅವರ ಕೆಮ್ಮು ಕಿವಿಗೆ ಬಿದ್ದಾಗ ಇಂದಿಗೂ ನನಗೆ ಮೈ ಜುಮ್ಮೆನ್ನುತ್ತದೆ.

ಕಪ್ಪತಗುಡ್ಡದ ಕೆಳಗೆ ನೀವು ನಿಲ್ಲಿಸಿದ ಗಾಳಿಕಂಬಗಳ ನಡುವೆಯೇ ನಮ್ಮ ವಿಶ್ವವಿದ್ಯಾಲಯವಿದೆ. ರೆಕ್ಕೆಗಳು ಉದುರಿ ಬಹಳ ಕಾಲವಾಯಿತು, ಕಂಬಗಳು ಮಾತ್ರ ಗಟ್ಟಿಯಾಗಿವೆ. ಒಂದೊಂದು ಕಂಬದ ನೆರಳೂ ಒಂದೊಂದು ತರಗತಿ. ನೆರಳು ಸರಿದಂತೆ ನಾವೂ ಚಾಪೆ ಎಳೆದುಕೊಂಡು ಸರಿಯುತ್ತೇವೆ, ಇತಿಹಾಸದವರು ಗಣಿತದವರ ಜಾಗಕ್ಕೆ ನುಗ್ಗಿ ದಿನವೂ ಜಗಳ. ಬೆಳಗಿನ ಪಾಠ ಬಿಸಿಲೇರುವ ಮೊದಲು, ಸಂಜೆಯ ಪಾಠ ಬಿಸಿಲಿಳಿದ ಮೇಲೆ. ನಡುವೆ ಊರಿಗೆ ಊರೇ ನೆಲಮನೆಗಳಲ್ಲಿ ಮಲಗುತ್ತದೆ. ಕಂಬದಿಂದ ಕಂಬಕ್ಕೆ ಇಬ್ಬನಿಬಲೆ ಕಟ್ಟಿದ್ದೇವೆ. ಮುಂಜಾವಿನಲ್ಲಿ ಅದರಿಂದ ತೊಟ್ಟಿಕ್ಕುವ ನೀರನ್ನು ಹಿಡಿಯುವ ಕೊಡಗಳ ಸಾಲೇ ನಮ್ಮ ಹಾಜರಿ: ಕೊಡ ಇಟ್ಟವರು ಬಂದಿದ್ದಾರೆ, ಇಡದವರು ಇನ್ನೂ ಹಾಸಿಗೆಯಲ್ಲಿದ್ದಾರೆ. ಎಲ್ಲಕ್ಕಿಂತ ದೊಡ್ಡ ಕಂಬದ ಬುಡದಲ್ಲಿ ರಂಗವಿದೆ. ನಾಟಕ, ಗಾಯನ, ಗೊಂಬೆಯಾಟ, ಎಲ್ಲವೂ ಅಲ್ಲಿಯೇ.

ಇನ್ನು ನಮ್ಮ ದೊಡ್ಡ ಪದ್ಧತಿಯ ವಿಷಯ. ಓದು ಮುಗಿಸಿದ ಪ್ರತಿಯೊಬ್ಬರೂ ಒಂದು ವರ್ಷ ಆ ರಂಗದ ಹಿಂದೆ ದುಡಿಯಬೇಕು. ಅದಕ್ಕೆ ಹೆಗಲುವರ್ಷ ಎನ್ನುತ್ತೇವೆ. ಕುರ್ಚಿ ಹಾಕುವುದು, ದೀಪ ಹಿಡಿಯುವುದು, ಬಂದವರಿಗೆ ದಾರಿ ತೋರಿಸುವುದು, ಅಳುವ ಮಗುವನ್ನು ಎತ್ತಿಕೊಂಡು ಹೊರಗೆ ತಿರುಗಾಡಿಸುವುದು. ದುಡಿಯುವವರ ಕೊರಳಲ್ಲಿ ಒಂದು ಪಟ್ಟಿ ಇರುತ್ತದೆ, ಅದರಿಂದ ಅವರಿಗೆ ಕೊರಳಪಟ್ಟಿಯವರು ಎಂದು ಹೆಸರು. ಆಟ ಮುಗಿದ ಮೇಲೆ ಮೊದಲ ಚಪ್ಪಾಳೆ ಅವರಿಗೆ. ಬಣ್ಣ ಹಚ್ಚಿದವರು ಆಗ ತಲೆಬಾಗಿ ಬದಿಗೆ ನಿಲ್ಲುತ್ತಾರೆ, ಅವರ ಸರದಿ ಆಮೇಲೆ. ಹೆಗಲುವರ್ಷ ಮುಗಿದ ಮೇಲೆ ಕರೆಹಬ್ಬ. ಉದ್ಯೋಗ ಕೊಡುವವರೇ, ಅಂದರೆ ಆಸ್ಪತ್ರೆ, ನ್ಯಾಯಮಂಡಳಿ, ಬಲೆ ನೇಯುವವರು, ಶಾಲೆಯವರು, ವರ್ಷವಿಡೀ ಪ್ರೇಕ್ಷಕರ ನಡುವೆ ಕುಳಿತು ಯಾರು ಹೇಗೆ ದುಡಿದರು ಎಂದು ಗಮನಿಸಿರುತ್ತಾರೆ. ಅವರು ಸಾಲಾಗಿ ನಿಂತು, ನಮ್ಮಲ್ಲಿಗೆ ಬರುತ್ತೀರಾ ಎಂದು ಹೆಸರು ಹಿಡಿದು ಕರೆಯುತ್ತಾರೆ. ಸಂದರ್ಶನದ ಕೋಣೆಯ ಹೊರಗೆ ಬೆವರುತ್ತಾ ಕೂರುತ್ತಿದ್ದಿರಂತೆ ನೀವು. ಇಲ್ಲಿ ಬೆವರುವ ಸರದಿ ಅವರದು.

ಈ ಪದ್ಧತಿ ಹುಟ್ಟಿದ್ದು ನಿಮ್ಮಿಂದಲೇ. ನಡುಗಾಲದಲ್ಲಿ, ಅಂದರೆ ಜಗತ್ತಿನ ನೆನಪಿನ ಯಂತ್ರಗಳೆಲ್ಲ ಆರಿಹೋದ ವರ್ಷಗಳಲ್ಲಿ, ನಿಮ್ಮ ಬಗೆಗಿನ ಬಹುಪಾಲು ಸಂಗತಿ ಕಳೆದುಹೋಯಿತು. ನಮ್ಮ ಸ್ಥಾಪಕರಿಗೆ ಸಿಕ್ಕಿದ್ದು ನಿಮ್ಮ ಕಾಲದ ಯಾವುದೋ ಕಲೋತ್ಸವದ ಒಂದು ಮೂಕ ಚಿತ್ರ, ಯಾರೋ ಪರದೆಯ ಹಿಂದಿನಿಂದ ಮೊಬೈಲಿನಲ್ಲಿ ತೆಗೆದದ್ದು. ಅದರಲ್ಲಿ ನೀಲಿ ಅಂಗಿ ತೊಟ್ಟು ಕೊರಳಿಗೆ ಪಟ್ಟಿ ಹಾಕಿಕೊಂಡ ಹುಡುಗ ಹುಡುಗಿಯರಿದ್ದಾರೆ. ಕಿರೀಟ ಇಟ್ಟುಕೊಂಡ ರಾಜನೂ ಅವರ ಮುಂದೆ ಕೈಕಟ್ಟಿ ನಿಂತಿದ್ದಾನೆ. ಅವರು ಕೈ ಎತ್ತಿದ ಮೇಲೆಯೇ ಒಳಗೆ ಹೋಗುತ್ತಾನೆ. ಅವರು ಬೆರಳು ತೋರಿಸಿದ ಕಡೆಗೆ ಜನ ನಡೆಯುತ್ತಾರೆ. ಹೆಸರು ಬರೆದ ಪಟ್ಟಿ ಬೇರೆ ಯಾರ ಕೊರಳಲ್ಲೂ ಇಲ್ಲ. ಇವರೇ ಆ ಉತ್ಸವದ ಮಹನೀಯರು, ಉಳಿದವರು ಇವರನ್ನು ರಂಜಿಸಲು ಬಂದವರು ಎಂದು ಸ್ಥಾಪಕರು ತೀರ್ಮಾನಿಸಿದರು. ನೀವೀಗ ಹೊಟ್ಟೆ ಹಿಡಿದುಕೊಂಡು ನಗುತ್ತಿರಬಹುದು. ನಾವು ನೂರು ವರ್ಷ ಇದನ್ನು ನಂಬಿ ಬಾಳಿದ್ದೇವೆ.

ಈ ವರ್ಷ ಆ ಚಿತ್ರ ದನಿ ತೊಳೆಯಲು ನನ್ನ ಬಳಿ ಬಂತು. ವೇದಿಕೆಯ ಪರದೆಯ ನಡುಕದಿಂದ ಮೊದಲು ಹೊರಟದ್ದು ಒಬ್ಬ ಗಂಡಸಿನ ಕೂಗು: “ಏ ವಾಲಂಟಿಯರ್, ಎಲ್ಲಿ ಹೋಗಿದ್ದಿಯವಾ? ಚೀಫ್ ಗೆಸ್ಟ್ ಬಂದ್ರು, ಎರಡು ಕುರ್ಚಿ ತಾ ಲಗೂನ.” ಪಟ್ಟಿಯ ಹುಡುಗಿ ಕುರ್ಚಿ ಹೊತ್ತು ಓಡುತ್ತಾಳೆ. ಮರಳಿ ಬಂದಾಗ ಜೊತೆಯ ಹುಡುಗ ಹೇಳುತ್ತಾನೆ: “ಉಪ್ಪಿಟ್ಟು ಮುಗದೈತಂತ. ಬಾಳೆಹಣ್ಣ ಅಷ್ಟ ಅದಾವು.” ಆಕೆ, “ನಾಟಕಾ ಭಾಳ ಚಲೋ ಐತೇನು? ಮಂದಿ ಎಷ್ಟು ನಗಾಕತ್ತಾರ,” ಎನ್ನುತ್ತಾಳೆ. “ಮುಂದಿನ ವರ್ಷ ನೋಡೂಣು ಬಿಡು,” ಎನ್ನುತ್ತಾನೆ ಅವನು. ಬಾಳೆಹಣ್ಣು ಸುಲಿಯುತ್ತಾ ಆಕೆ ಕೇಳುತ್ತಾಳೆ: “ಇದನ್ನ ರೆಸ್ಯೂಮ್‌ದಾಗ ಬರದ್ರ ಕೆಲಸ ಸಿಗತೈತೇನೋ?” ಅದಕ್ಕೆ ಅವನು ಕೊಟ್ಟ ಉತ್ತರ ಪ್ರೇಕ್ಷಕರ ನಗೆಯಲ್ಲಿ ಮುಳುಗಿದೆ. ಎಷ್ಟು ತೊಳೆದರೂ ನನಗೆ ಸಿಗಲಿಲ್ಲ.

ನಾನು ಯಂತ್ರ ನಿಲ್ಲಿಸಿದೆ. ನೀವು ಮಹನೀಯರಾಗಿರಲಿಲ್ಲ. ಬಯ್ಗುಳ ತಿಂದು, ನಾಟಕವನ್ನೂ ನೋಡದೆ, ಬಾಳೆಹಣ್ಣು ತಿಂದು ಮನೆಗೆ ಹೋದವರು. ಆಮೇಲೆ ಅದೇ ಕಾಲದ ಒಂದು ಸೂಚನಾಫಲಕದ ಚಿತ್ರವನ್ನು ತೆಗೆದು ನೋಡಿದೆ: ಶನಿವಾರ ರಂಗಗೀತೆಯ ಶಿಬಿರ, ಭಾನುವಾರ ಕೆರೆ ಹೂಳು ತೆಗೆಯಲು ಸ್ವಯಂಸೇವಕರು ಬೇಕಾಗಿದ್ದಾರೆ, ಸೋಮವಾರ ಕ್ಯಾಂಪಸ್ ಸಂದರ್ಶನ. ಒಂದೇ ದೇಹ ಶನಿವಾರ ಹಾಡಿ, ಭಾನುವಾರ ಕೆಸರಿಗಿಳಿದು, ಸೋಮವಾರ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಅಪರಿಚಿತರ ಮುಂದೆ ಕೂರುತ್ತಿತ್ತು. ಇವುಗಳಲ್ಲಿ ಯಾವುದು ತನ್ನ ಬದುಕಿಗೆ ಒದಗುತ್ತದೆ ಎಂದು ಅದಕ್ಕೆ ಗೊತ್ತಿರಲಿಲ್ಲ. ನಮಗೆ ಚಪ್ಪಾಳೆಯೂ ಕರೆಯೂ ಖಾತ್ರಿಯಿದೆ. ಏನೂ ಖಾತ್ರಿಯಿಲ್ಲದೆ ಕುರ್ಚಿ ಹೊತ್ತಿರಲ್ಲ ನೀವು!

ಆದರೆ ಬೆರಗಿನ ಬೆನ್ನಿಗೇ ಭಯವೂ ಬಂತು. ತೊಳೆದ ದನಿಯನ್ನು ಇಲ್ಲಿನ ತೀರ್ಮಾನಗಳನ್ನು ಮಾಡುವ ಸಭೆಗೆ ಕೇಳಿಸಬೇಕೆಂಬುದು ನಮ್ಮ ನಿಯಮ. ಕೇಳಿಸಿದರೆ ಹೆಗಲುವರ್ಷ ತಪ್ಪುತಿಳಿವಳಿಕೆಯಿಂದ ಹುಟ್ಟಿದ್ದೆಂದು ಎಲ್ಲರಿಗೂ ತಿಳಿಯುತ್ತದೆ. ಅದನ್ನು ರದ್ದು ಮಾಡಿ ಅಂಕಯಂತ್ರವನ್ನು ತರಬೇಕೆನ್ನುವವರು ಮೊದಲೇ ಇದ್ದರು. ಓದಿದವರ ಉತ್ತರಗಳನ್ನು ನೋಡಿ ಯಾರು ಯಾವ ಕೆಲಸಕ್ಕೆ ಎಂದು ಹೇಳುವ ಯಂತ್ರ ಅದು. ಪ್ರಯೋಗಕ್ಕೆಂದು ಓಡಿಸಿದಾಗ, ನನ್ನ ವಿದ್ಯಾರ್ಥಿನಿ ಸಾವಂತ್ರಿಯ ಉತ್ತರ ನೋಡಿ ಅದು ಯಾವ ಕೆಲಸಕ್ಕೂ ಸಲ್ಲಳು ಎಂದಿತ್ತು. ಮುಂಡರಗಿ ಕಡೆಯ ಹುಡುಗಿ, ಮಾತು ಕಡಿಮೆ, ಪರೀಕ್ಷೆ ಎಂದರೆ ಕೈ ಮರಗಟ್ಟುತ್ತದೆ. ಆಕೆಯ ಹೆಗಲುವರ್ಷ ಆಗಷ್ಟೇ ಮುಗಿದಿತ್ತು, ಕರೆಹಬ್ಬಕ್ಕೆ ಒಂದೇ ವಾರ ಉಳಿದಿತ್ತು. ಹೆರಿಗೆಮನೆ ಸೇರಬೇಕೆಂಬುದು ಆಕೆಯ ಒಂದೇ ಆಸೆ. ಹೆಗಲುವರ್ಷವೇ ಬಿದ್ದುಹೋದರೆ ಆಕೆಯನ್ನು ಕರೆಯುವವರು ಯಾರೂ ಇರುವುದಿಲ್ಲ.

ದನಿ ಕೆಟ್ಟಿದೆ ಎಂದು ಸುಳ್ಳು ಹೇಳುವ ಯೋಚನೆ ನನಗೆ ಬಾರದೆ ಇರಲಿಲ್ಲ. ಕೊನೆಗೆ ಸಾವಂತ್ರಿಯನ್ನೇ ಕರೆದು ಕೂರಿಸಿ ಎಲ್ಲವನ್ನೂ ಕೇಳಿಸಿದೆ. ಉಪ್ಪಿಟ್ಟಿನ ಮಾತಿಗೆ ಆಕೆ ನಕ್ಕಳು, ಕೆಲಸದ ಮಾತಿಗೆ ಕಣ್ಣೊರೆಸಿಕೊಂಡಳು. ಆಮೇಲೆ ಹೇಳಿದಳು: “ಕೇಳಸ್ರಿ ಅಕ್ಕಾರ. ನನ್ನ ಸಲುವಾಗಿ ಅವರ ಬಾಯಿ ಮುಚ್ಚಬ್ಯಾಡ್ರಿ. ಒಂದಿಷ್ಟು ಬಾಳೆಹಣ್ಣು ತಿಂದು ದುಡದಾರ ಪಾಪ.”

ಸಭೆ ದೊಡ್ಡ ಕಂಬದ ನೆರಳಿನಲ್ಲಿ ಸೇರಿತು. ನಾನು ದನಿ ಹಾಕಿದೆ. ಮುಗಿದ ಮೇಲೆ ಸಭೆಯ ಹಿರಿಯ ಗಿರಿಮಲ್ಲಪ್ಪನವರು ಎದ್ದು, “ಹಂಗಾರ ನೂರು ವರ್ಷ ನಾವು ತಪ್ಪ ತಿಳಕೊಂಡ ಕುಂತೀವಿ. ಬುನಾದಿನ ಇಲ್ಲಂದ ಮ್ಯಾಲೆ ಮನಿ ಹೆಂಗ ನಿಲ್ಲತೈತಿ?” ಎಂದರು. ಅವರು ಕೆಟ್ಟವರಲ್ಲ, ಲೆಕ್ಕ ತಪ್ಪಿದರೆ ನಿದ್ದೆ ಬಾರದ ಮನುಷ್ಯ. ಅಲ್ಲಲ್ಲಿ ತಲೆಗಳು ಹೌದು ಎಂದು ಆಡಿದವು. ಅಂಕಯಂತ್ರದ ಪರವಾದವರು ಕೈ ಎತ್ತಲು ಸಿದ್ಧರಾದರು. ಸಾವಂತ್ರಿ ಕೊನೆಯ ಸಾಲಿನಲ್ಲಿ ಕೊರಳಪಟ್ಟಿಯನ್ನು ಬಿಚ್ಚಿ ಮಡಚುತ್ತಿದ್ದುದನ್ನು ನಾನು ಕಂಡೆ.

ಆಗ ಹೆರಿಗೆಮನೆಯ ಮಾಬೂಬಿ ಎದ್ದರು. ಈ ಊರಿನ ಅರ್ಧ ಜನ ಅವರ ಕೈಯಲ್ಲಿ ಹುಟ್ಟಿದವರು, ಗಿರಿಮಲ್ಲಪ್ಪನವರ ಮಕ್ಕಳೂ ಸೇರಿ. “ಮನಿ ಹೆಂಗ ನಿಲ್ಲತೈತಿ ನನಗ ಗೊತ್ತಿಲ್ರಿ ಹಿರ್ಯಾರ. ನನಗ ಒಂದು ಕೈ ಬೇಕಾಗೇತಿ. ಈ ಹುಡುಗಿನ್ನ ನಾ ಒಂದ ವರ್ಷ ನೋಡೇನಿ. ಮೊದಲನೇ ಸಲ ರಂಗಕ್ಕ ಹೋಗೋರು ಪರದೆ ಹಿಂದ ಥರಥರ ನಡಗತಿರತಾರ. ಈಕಿ ಧೈರ್ಯಾ ಹೇಳೂದಿಲ್ಲ, ಏನಿಲ್ಲ. ಸುಮ್ನ ಬೆನ್ನ ಮ್ಯಾಲೆ ಕೈ ಇಡತಾಳ. ವ್ಯಾಳ್ಯಾ ಬಂತಂದ್ರ ಕೈ ತಗೀತಾಳ. ಇಡೂದು ಎಲ್ಲಾರಿಗೂ ಬರತೈತಿ, ತಗಿಯೂದು ಬರೂದಿಲ್ಲ. ಇದನ್ನ ನಿಮ್ಮ ಯಂತ್ರ ಹೆಂಗ ನೋಡತೈತಿ ಹೇಳ್ರಿ, ನಾ ಕುಂದರತೀನಿ.”

ಗಿರಿಮಲ್ಲಪ್ಪನವರು ಸಾವಂತ್ರಿಯ ಕಡೆಗೆ ತಿರುಗಿ, “ನೀ ಏನಂತೀಯವಾ?” ಎಂದರು. ಸಭೆಯಲ್ಲಿ ಎಂದೂ ಬಾಯಿ ತೆರೆಯದ ಹುಡುಗಿ ಎದ್ದು ನಿಂತಳು. “ಹೆಗಲುವರ್ಷ ಇರಲ್ರಿ. ಮೊದಲ ಚಪ್ಪಾಳಿ ಬ್ಯಾಡ. ಅವರು ಅದಿಲ್ಲದ ಮಾಡ್ಯಾರ, ನಾವೂ ಮಾಡೂಣು.”

ಸಭೆ ಒಪ್ಪಿತು. ನನಗೆ ಸಂಕಟವಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ನನ್ನ ಹೆಗಲುವರ್ಷದ ಮೊದಲ ಚಪ್ಪಾಳೆ ಇಂದಿಗೂ ನನ್ನ ಕಿವಿಯಲ್ಲಿ ಬೆಚ್ಚಗಿದೆ. ಇನ್ನು ಮುಂದಿನ ಮಕ್ಕಳಿಗೆ ಅದು ಸಿಗುವುದಿಲ್ಲ. ಆದರೂ ಆ ಹುಡುಗಿ ಕೇಳಿದ್ದು ಸರಿಯಾದುದನ್ನೇ. ನಿಮ್ಮ ಬಗ್ಗೆ ನಾವು ತಪ್ಪು ತಿಳಿದು ಕಟ್ಟಿದ ಗೌರವಕ್ಕಿಂತ, ಸರಿಯಾಗಿ ತಿಳಿದ ಮೇಲೆ ಹುಟ್ಟಿದ ಗೌರವ ದೊಡ್ಡದು. ಇದನ್ನು ಬರೆಯುವಾಗ ನಾನು ನಿಮಗೆ ಕೈ ಮುಗಿಯುತ್ತಿದ್ದೇನೆ.

ಕರೆಹಬ್ಬದಲ್ಲಿ ಮಾಬೂಬಿ ಕೂಗಿದ ಮೊದಲ ಹೆಸರು ಸಾವಂತ್ರಿಯದು. ಇಂದು ಬೆಳಿಗ್ಗೆ ಸಾವಂತ್ರಿ ತನ್ನ ಕೈಯಾರೆ ಮೊದಲ ಮಗುವನ್ನು ಹಿಡಿದಳಂತೆ, ಹೆಣ್ಣುಮಗು. ಪಾಠದ ಹೊತ್ತಿಗೆ ಓಡಿಬಂದು ಏದುಸಿರು ಬಿಡುತ್ತಾ ಹೇಳಿದಳು: “ಯಾರೂ ಚಪ್ಪಾಳಿ ಹೊಡಿಲಿಲ್ರಿ ಅಕ್ಕಾರ. ಎಲ್ಲಾರೂ ಕೂಸಿನ್ನ ನೋಡಾಕತ್ತಿದ್ರು. ಭಾಳ ಚಲೋ ಅನಸ್ತು.”

ಒಂದೇ ಒಂದು ಕೋರಿಕೆ. ನೀಲಿ ಅಂಗಿಯ ಆ ಹುಡುಗಿ ನಿಮ್ಮ ನಡುವೆಯೇ ಎಲ್ಲೋ ಇದ್ದಾಳೆ. ಪಟ್ಟಿಯ ಮೇಲಿನ ಹೆಸರು ಮಸುಕಾಗಿದೆ, ನಮಗೆ ಓದಲಾಗಲಿಲ್ಲ. ಆಕೆಗೆ ಮುಂದೆ ಏನಾಯಿತು ಎಂಬುದೂ ಗೊತ್ತಿಲ್ಲ. ಯಾರಿಗಾದರೂ ಆಕೆ ಸಿಕ್ಕರೆ, ಅಂದು ನಗೆಯಲ್ಲಿ ಮುಳುಗಿದ ಉತ್ತರವನ್ನು ನಮ್ಮ ಪರವಾಗಿ ಹೇಳಿಬಿಡಿ. ಕೆಲಸ ಸಿಕ್ಕಿತು ಎಂದು ಹೇಳಿ. ಯಾರಿಗೆ ಎಂದು ಕೇಳಿದರೆ, ಸಾವಂತ್ರಿಗೆ ಎನ್ನಿ.

ನಿಮ್ಮ ಋಣದಲ್ಲಿರುವ,
ನೀಲಗಂಗಾ ಹುಲಕೋಟಿ