ಲುಯಾಂಡೊಳ ದನಿ

ಚೋಮಾ ಪಟ್ಟಣ, ಅಕ್ಟೋಬರ್ ೧೪, ಮಂಗಳವಾರ

ಮಾತು ಬಾರದ ನನ್ನ ಮಗಳು ಲುಯಾಂಡೊ ಟೈಪ್ ಮಾಡಿದ್ದನ್ನು ಗಟ್ಟಿಯಾಗಿ ನುಡಿಯುವುದು ಆ ಹಳೆಯ ಕಂಪ್ಯೂಟರ್ ಒಂದೇ. ನಾನು ಮುಂದೂಡುತ್ತಲೇ ಬಂದಿದ್ದ ದೊಡ್ಡ ಅಪ್‌ಡೇಟ್ ಇವತ್ತು ಸಂಜೆ ತಾನಾಗಿಯೇ ಶುರುವಾಯಿತು. ಅದರ ಬ್ಯಾಟರಿ ಎಂದೋ ಸತ್ತಿದೆ.

"ಮಧ್ಯದಲ್ಲಿ ಕರೆಂಟ್ ಹೋದ್ರೆ ಏನ್ರೀ ಗತಿ?" ಎಂದೆ.

"ಬಿಡ್ತು ಅನ್ನು! ಮೊದ್ಲು ನ್ಶಿಮಾ ಮುದ್ದೆ ತಿನ್ನು," ಎಂದು ಗಂಡ ಮ್ವೀಂಬಾ ಗದರಿದರು. ಅವರೂ ತುತ್ತು ಎತ್ತಲಿಲ್ಲ.

ಪರದೆ ಕಪ್ಪಾಯಿತು. ಲುಯಾಂಡೊ ನನ್ನ ತೋಳನ್ನು ಬಿಗಿಯಾಗಿ ಹಿಡಿದಳು. ಏನು ಕೇಳುತ್ತಿದ್ದಾಳೋ ನನಗೆ ತಿಳಿಯಲಿಲ್ಲ. ಅದೇ ನನ್ನನ್ನು ಹೆಚ್ಚು ಹೆದರಿಸಿತು.

ಎಷ್ಟೋ ಹೊತ್ತಿನ ಮೇಲೆ ಪರದೆ ಬೆಳಗಿತು. ಅವಳು ಟೈಪ್ ಮಾಡಿದಳು. ಹೊರಬಂದದ್ದು ಇಷ್ಟು ದಿನ ಕೇಳಿದ ದನಿಯಲ್ಲ, ಯಾರೋ ಅಪರಿಚಿತ ಹೆಂಗಸಿನ ದನಿ. ನಾನು ಬೆಚ್ಚಿ ಹಿಂದೆ ಸರಿದದ್ದು ಕಂಡು ಅವಳು ಮತ್ತೆ ಟೈಪ್ ಮಾಡಿದಳು.

"ಅಮ್ಮಾ, ಹೆದರ್ಕೋಬೇಡ," ಎಂದಿತು ಆ ದನಿ. "ನಾನೇ."