ಬಾಗಿಲ ಬಳಿಯ ಉಣ್ಣೆ ಚಪ್ಪಲಿ

ಕೊಲಿಂಡೇಲ್, ಲಂಡನ್
ಮಾರ್ಚ್ 2007

ಅಪ್ಪಯ್ಯನಿಗೆ ಕರುಣಾಕರನ ನಮಸ್ಕಾರಗಳು.

ಹೆಂಡತಿಯ ಭಾಷೆ ಕಲಿ ಎಂದವರು ನೀವೇ. ಪೋಲಿಷ್ ಕ್ಲಾಸಿಗೆ ಹೋಗದಿದ್ದರೇ ಚೆನ್ನಾಗಿತ್ತು. ಕಳೆದ ವಾರ ಮಗ್ದಾ ಫೋನಿನಲ್ಲಿ ತನ್ನ ತಾಯಿಗೆ, "ಅವನು ಮೇ ತಿಂಗಳಲ್ಲಿ ಬರ್ತಾನೆ, ಇವನಿಗೆ ಹೇಳಿಲ್ಲ" ಎಂದದ್ದು ನನಗೆ ಅರ್ಥವಾಗಿಬಿಟ್ಟಿತು. ಮರುದಿನ ಬಾಗಿಲ ಬಳಿ ಗಂಡಸರ ಹೊಸ ಉಣ್ಣೆ ಚಪ್ಪಲಿ ಕಂಡಿತು, ನನ್ನ ಕಾಲಿಗಿಂತ ದೊಡ್ಡದು. ಹೊಟ್ಟೆ ಉರಿದು ನಾನು ಊಟವನ್ನೇ ಬಿಟ್ಟೆ. ಕೊನೆಗೆ ಪೋಲಿಷಿನಲ್ಲೇ ಕೇಳಿದೆ, ಇದು ಯಾರಿಗೆ ಎಂದು. ನೀವು ಫೋನಿನಲ್ಲಿ ಕಲಿಸಿದ ಕುಂದಾಪುರದ ಮಾತಿನಲ್ಲಿ ಅವಳು, "ಅಪ್ಪಯ್ಯಂಗೆ" ಎಂದಳು. ಅವರ ಭಾಷೆಯಲ್ಲಿ ಮಾವನಾದರೂ 'ಅವನು' ಎಂದೇ ಹೇಳುವುದು.

ಮನೆಗೆ ಬಂದವರಿಗೆ ಒಳಗೆ ಹಾಕಿಕೊಳ್ಳಲು ಚಪ್ಪಲಿ ಕೊಡುವುದು ಅವರ ಕಡೆಯ ಮರ್ಯಾದೆ. ಊರಿನಂತೆ ಬರಿಗಾಲಲ್ಲಿ ಓಡಾಡಬೇಡಿ, ಅವಳಿಗೆ ಬೇಸರವಾಗುತ್ತದೆ.

ನಾನು ಕರೆದಾಗಲೆಲ್ಲ ಚಳಿ ಎಂದವರು ನೀವು. ಅವಳು ಕರೆದದ್ದೇ ತಡ, ನನಗೂ ಹೇಳದೆ ಹೊರಟಿರಿ. ಇರಲಿ.

ನಿಮ್ಮ ಪಾದದ ಅಳತೆ ತಿಳಿಸಿ. ಅವಳು ಅಂದಾಜಿನಲ್ಲಿ ತಂದಿದ್ದಾಳೆ, ಅಂಗಡಿಯಲ್ಲಿ ಬದಲಿಸಿ ಕೊಡುತ್ತಾರೆ. ಅವಳಿಲ್ಲದಾಗ ನಾನು ಹಾಕಿ ನೋಡಿದೆ, ತುಂಬ ಬೆಚ್ಚಗಿದೆ. ಈ ಮನೆಯಲ್ಲಿ ಈಗ ಬರಿಗಾಲಲ್ಲಿ ಇರುವವನು ನಾನೊಬ್ಬನೇ.

ನಿಮ್ಮ ಮಗ,
ಕರುಣಾಕರ